ಎಫಿ ಪೀರಿಯ ಕಾಲಿನ ಕಟ್ಟು

ಎಫಿ ಪೀರಿಯ ಹೆಸರು ನನ್ನ ಕಿವಿಗೆ ಬಿದ್ದದ್ದು ನನಗೆ ಹದಿನಾರು ತುಂಬಿದ ಬೇಸಿಗೆಯಲ್ಲಿ, ಹೆರಿಂಗ್ ಮೀನು ಸೀಳುವ ಕೆಲಸಕ್ಕೆಂದು ಬಂದರಿಗೆ ಹೋದ ಮೊದಲ ದಿನ. ಮೇಸ್ತ್ರಿ ನನ್ನ ಕೈ ತಿರುಗಿಸಿ ನೋಡಿ, "ಎಫಿ ಪಕ್ಕ ನಿಂತ್ಕೊ. ಅವಳು ಬೆರಳಿಗೆ ಬಟ್ಟೆ ಕಟ್ಟಿದ್ಲು ಅಂದ್ರೆ ಸಂಜೆವರೆಗೂ ಜಾರಲ್ಲ" ಅಂದ.

ಆಗ ನಾವೆಲ್ಲ ಹಿಟ್ಟಿನ ಚೀಲ ಹರಿದು, ಆ ಪಟ್ಟಿಯನ್ನು ಬೆರಳಿಗೆ ಸುತ್ತಿ, ದಾರ ಬಿಗಿದು ಕೆಲಸಕ್ಕೆ ನಿಲ್ಲುತ್ತಿದ್ದೆವು. ಬಟ್ಟೆ ಜಾರಿತೋ, ಚಾಕು ತಾಗುತ್ತದೆ. ಆಮೇಲೆ ಗಾಯಕ್ಕೆ ಉಪ್ಪು ಇಳಿದು ಮೂಳೆ ಕಾಣುವ ತನಕ ಕೊರೆಯುತ್ತದೆ. ಎಫಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನನ್ನ ಕೈ ಎಳೆದುಕೊಂಡು, "ಮೇಲ್ಗಡೆ ಬಿಗೀಬೇಕು ಕಣೇ ಮೇಗ್. ಬಾಯಿ ಕಟ್ಟದ ಚೀಲ ಎಲ್ಲಾದ್ರೂ ನಿಲ್ಲತ್ತಾ?" ಅಂದಳು.

ಮೊದಲು ಬಂದರಿನ ಬಯಲಲ್ಲಿ, ಆಮೇಲೆ ಮೀನಿನ ಕಾರ್ಖಾನೆಯ ಒದ್ದೆ ಸಿಮೆಂಟಿನ ಮೇಲೆ, ಮೂವತ್ತು ವರ್ಷ ಅಕ್ಕಪಕ್ಕ ನಿಂತೆವು. ಮೂರು ಹೆರಿಗೆ ಆಗುವಷ್ಟರಲ್ಲಿ ಅವಳ ಕಾಲಿನ ನರಗಳು ಎರೆಹುಳದ ಹಾಗೆ ಎದ್ದಿದ್ದವು. ಗಂಡನ ದೋಣಿ ತಿರುಗಿ ಬಾರದ ಆ ಚಳಿಗಾಲದಿಂದ ಅವಳು ಹಾಸಿಗೆಗೆ ಬೆನ್ನು ಕೊಟ್ಟದ್ದನ್ನು ನಾನು ನೋಡಿಲ್ಲ. ಒಲೆ ಪಕ್ಕದ ಕುರ್ಚಿಯಲ್ಲೇ ಕಾಲು ಇಳಿಬಿಟ್ಟು ತೂಕಡಿಸುತ್ತಿದ್ದಳು.

ಎಫಿಯ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಕಲ್ಲಿದ್ದಲಿನ ಬಕೆಟ್ಟು ತಾಗಿ ಕಣಕಾಲು ತರಚಿತು. ಅಷ್ಟೇ. ಅದು ಮಾಯಲಿಲ್ಲ. ಈಸ್ಟರ್ ಹೊತ್ತಿಗೆ ಅಂಗೈಯಷ್ಟು ಅಗಲವಾಗಿ, ಕೀವು ಚಪ್ಪಲಿಗೆ ಇಳಿಯತೊಡಗಿತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಸರಿಯಾಗಿ ಕಟ್ಟು ಕಟ್ಟಿಸಿಕೊಂಡರೆ ವಾಸಿಯಾಗುತ್ತದೆ, ಇಲ್ಲದಿದ್ದರೆ ಕಾಲು ತೆಗೆಯಬೇಕು ಅಂದರು. ಎಫಿಯ ಮನೆಗೆ ಹೊರಗಿನಿಂದ ಹದಿನಾಲ್ಕು ಕಲ್ಲಿನ ಮೆಟ್ಟಿಲು. ಕಾಲು ಹೋದರೆ ಮನೆಯೂ ಹೋದ ಹಾಗೆ.

ಸೋಮವಾರ, ಗುರುವಾರ ಕ್ಯಾಟ್ರೀನಾ ಅನ್ನುವ ನರ್ಸು ಮನೆಗೇ ಬರುತ್ತಿದ್ದಳು. ನಲವತ್ತರ ಹೆಂಗಸು, ಮೆತ್ತನೆ ಕೈ. ಮೊದಲು ಪಾದಕ್ಕೆ ಒಂದು ಕಡ್ಡಿಯಂಥ ಯಂತ್ರ ಒತ್ತಿ ರಕ್ತ ಹರಿಯುವ ಸದ್ದು ಕೇಳಿದಳು. ಆಮೇಲೆ ಬೆರಳ ಬುಡದಿಂದ ಮಂಡಿಯ ಕೆಳಗಿನವರೆಗೆ ಒಂದರ ಮೇಲೊಂದು ನಾಲ್ಕು ಪದರ ಸುತ್ತಿದಳು.

"ಕಾಲಲ್ಲಿ ನಿಂತಿರೋ ನೀರು ಮೇಲಕ್ಕೆ ಹತ್ತಬೇಕು ಎಫಿ. ಅದಕ್ಕೇ ಕೆಳಗೆ ಬಿಗಿ, ಮೇಲೆ ಹೋಗ್ತಾ ಹೋಗ್ತಾ ಸಡಿಲ. ನೀವು ಮುಟ್ಟಬೇಡಿ. ಕೂತಾಗ ಕಾಲು ಎತ್ತರಕ್ಕಿಡಿ."

"ಹಾಡಹಗಲು ಕಾಲು ಮೇಲೆ ಹಾಕ್ಕೊಂಡು ಕೂತ್ರೆ ನಮ್ಮ ಬೀದಿಯೋರು ಹೆಣ ಅಂದ್ಕೊಂಡು ಪಾದ್ರಿನ ಕರೀತಾರಮ್ಮ" ಅಂದಳು ಎಫಿ.

ಮೂರು ವಾರದಲ್ಲಿ ಗಾಯ ಅರ್ಧಕ್ಕರ್ಧ ಕುಗ್ಗಿತು. ಊತ ಇಳಿಯಿತು. ಊತ ಇಳಿದದ್ದಕ್ಕೇ ಕಟ್ಟು ಸಡಿಲವಾಗಿ ಕೆಳಗೆ ಜಾರತೊಡಗಿತು. ಅದು ಗುಣವಾಗುತ್ತಿದ್ದ ಗುರುತು ಅಂತ ಈಗ ಗೊತ್ತು. ಆಗ ನಮ್ಮಿಬ್ಬರಿಗೂ ಜಾರಿದ ಕಟ್ಟು ಅಂದರೆ ಕೆಟ್ಟ ಕಟ್ಟು, ಅಷ್ಟೇ.

ಒಂದು ಮಂಗಳವಾರ ಎಫಿ ಅದನ್ನು ಪೂರಾ ಬಿಚ್ಚಿದಳು. "ಬಾರೇ, ಈ ತುದಿ ಹಿಡ್ಕೊ" ಅಂದಳು.

"ನರ್ಸಿಗೆ ಹೇಳೋದು ಬೇಡ್ವಾ?"

"ಅವಳು ಕಟ್ಟೋದು ಪುಸ್ತಕ ನೋಡ್ಕೊಂಡು. ನಂದು ಪಳಗಿದ ಕೈ."

ನಾನು ತುದಿ ಹಿಡಿದೆ. ಅವಳು ಮಂಡಿಯ ಕೆಳಗೆ ಹಲ್ಲು ಕಚ್ಚಿ ಬಿಗಿದಳು. ಅದು ಜಾರಲಿಲ್ಲ. ಗುರುವಾರ ಬೆಳಗ್ಗೆ ಮತ್ತೆ ಬಿಚ್ಚಿ, ಕ್ಯಾಟ್ರೀನಾ ಸುತ್ತಿದ ಹಾಗೆಯೇ ಸುತ್ತಿಟ್ಟಳು. ನರ್ಸಿಗೇ ಗುರುತು ಸಿಗದಂಥ ಕೈ ಅದು. ವಾರವಾರವೂ ಹೀಗೇ ನಡೆಯಿತು.

ಪಾದ ಹುಳಿಬಂದ ಹಿಟ್ಟಿನ ಹಾಗೆ ಉಬ್ಬಿತು. ಗಾಯ ಮತ್ತೆ ಬಾಯಿ ಬಿಟ್ಟಿತು. ಮಂಡಿಯ ಕೆಳಗೆ ಹಗ್ಗ ಕಟ್ಟಿದಂಥ ಗೀರು. ಕ್ಯಾಟ್ರೀನಾ ಅದರ ಮೇಲೆ ಬೆರಳಾಡಿಸಿ ಕೇಳಿದಳು: "ಇದು ಹೇಗೆ ಬಂತು? ಯಾರಾದ್ರೂ ಬಿಚ್ಚಿದ್ರಾ?"

"ಯಾರು ಬಿಚ್ತಾರೆ ತಾಯಿ? ನೀನೇ ಕಟ್ಟಿದ್ದು" ಅಂದಳು ಎಫಿ.

ಕ್ಯಾಟ್ರೀನಾ ನನ್ನ ಕಡೆ ನೋಡಿದಳು. ನಾನು ಟೀ ಕೆಟಲಿನ ಮುಚ್ಚಳ ಎತ್ತಿ ಒಳಗೆ ನೋಡುತ್ತಾ ಕೂತೆ.

ಡಾಕ್ಟರು ಬಂದು ಆ ಗೀರು ಕಂಡು ನಮ್ಮೆದುರಿಗೇ ಕ್ಯಾಟ್ರೀನಾಳನ್ನು ತರಾಟೆಗೆ ತೆಗೆದುಕೊಂಡರು. "ಇಷ್ಟು ವರ್ಷ ಕೆಲಸ ಮಾಡಿ ಎಲ್ಲಿ ಬಿಗೀಬೇಕು ಅಂತ ಗೊತ್ತಾಗಲ್ವೇನ್ರಿ?" ಅವಳ ಕತ್ತು ಕೆಂಪಾಯಿತು. ಈ ಕಾಲಿಗೆ ಕಟ್ಟು ಆಗಿಬರುವುದಿಲ್ಲ, ನಿಲ್ಲಿಸಿ ಅಂದುಬಿಟ್ಟರು ಡಾಕ್ಟರು. ಮುಂದಿನ ವಾರ ಬೇರೆ ನರ್ಸು ಬಂದು ಬರೀ ಮುಲಾಮು ಹಚ್ಚಿ ಹೋದಳು. ಕ್ಯಾಟ್ರೀನಾಳನ್ನು ಕಾಗದಪತ್ರದ ಕೆಲಸಕ್ಕೆ ಹಾಕಿದರಂತೆ. ಎಫಿಯ ಕಾಲು ಉಳಿಸುವಂಥದ್ದು ಆ ಕಟ್ಟೊಂದೇ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಅದನ್ನೇ ಕಳೆದುಕೊಂಡೆವು. ಒಂದು ಮಾತು ಸಾಕಿತ್ತು. ಹೋಗಿ ಹೇಳಿಬಿಡಬೇಕು ಅಂತ ಮೆಟ್ಟಿಲು ಇಳಿಯುವಾಗ ದಿನಾ ಅಂದುಕೊಳ್ಳುತ್ತಿದ್ದೆ. ಆಮೇಲೆ ನೆಟ್ಟಗೆ ಮನೆಗೆ ಹೋಗಿಬಿಡುತ್ತಿದ್ದೆ.

ನವೆಂಬರಿನಲ್ಲಿ ಕಾಲ್ಬೆರಳುಗಳು ಕಪ್ಪಾದವು. ಪಟ್ಟಣದ ಆಸ್ಪತ್ರೆಯಲ್ಲಿ ತೊಡೆಯ ಮಧ್ಯಕ್ಕೆ ಕಾಲು ಕತ್ತರಿಸಿದರು. ನಾನು ಬಸ್ಸು ಹಿಡಿದು ಹೋದಾಗ ನಂಜು ಮೈಗೆಲ್ಲ ಏರಿತ್ತು. ತುಟಿ ಒಡೆದಿತ್ತು. ಕಂಬಳಿ ಸಪಾಟಾಗಿ ಬಿದ್ದಿದ್ದ ಜಾಗವನ್ನೇ ನೋಡುತ್ತಾ, "ಇಲ್ಲದ ಬೆರಳಲ್ಲಿ ನವೆಯಾಗತ್ತೆ ಕಣೇ" ಅಂದಳು. ಚಮಚದಲ್ಲಿ ನೀರು ಕೊಟ್ಟೆ. ಎರಡು ಗುಟುಕು ಕುಡಿದು ಮುಖ ಆಚೆ ತಿರುಗಿಸಿದಳು.

"ಆ ಕ್ಯಾಟ್ರೀನಾಗೆ ಹೇಳು. ಬಿಚ್ಚಿದ್ದು ನಾನು ಅಂತ. ಡಾಕ್ಟರಿಗೂ ಹೇಳು."

"ನಾಳೇನೇ ಹೋಗಿ ಹೇಳ್ತೀನಿ, ಎಫಿ."

"ನಾಳೆ ಬೇಡ. ನನ್ನ ಮಣ್ಣು ಮಾಡಿದ ಮೇಲೆ ಹೇಳು." ಉಸಿರು ಎಳೆದುಕೊಂಡಳು. "ತುದಿ ಹಿಡ್ಕೊಂಡಿದ್ದು ನೀನು ಅಂತಾನೂ ಹೇಳು."