ಬೂದಿ ಮೇಷ್ಟ್ರು ಮತ್ತು ಬಾಯ್ಲರಿನ ಗಾಜು

ಬೂದಿ ಕಂಡರೆ ಆ ಮನುಷ್ಯನಿಗೆ ಸುಮ್ಮನೆ ದಾಟಿಕೊಂಡು ಹೋಗಲು ಆಗುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಒಂದು ಚಿಟಿಕೆ ತೆಗೆದು, ಎರಡು ಬೆರಳ ನಡುವೆ ಉಜ್ಜಿ, ಮೂಸಿ, ಆಮೇಲಷ್ಟೇ ತಲೆಯೆತ್ತಿ ನಮ್ಮನ್ನು ನೋಡುವರು. ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಪ್ರೊಫೆಸರ್ ಚಿಕ್ಕಲಿಂಗಯ್ಯ. ಕಲ್ಲಿದ್ದಲು ಹೇಗೆ ಉರಿಯುತ್ತದೆ, ಹೊಗೆಯಿಲ್ಲದೆ ಹೇಗೆ ಉರಿಯಬೇಕು ಎನ್ನುವುದನ್ನೇ ಬದುಕಿಡೀ ಓದಿದವರು. ನಂಜನಗೂಡಿನ ಕೈಗಾರಿಕಾ ಪ್ರದೇಶದ ನಮ್ಮ ಮಿಲ್ಲಿನಲ್ಲಿ ಮಾತ್ರ ಅವರು ಬೂದಿ ಮೇಷ್ಟ್ರು. ನಾನು ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು, ಕವಲಂದೆ ಕಡೆಯ ಸಿದ್ದರಾಜು.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ಮೊದಲ ಸಲ ಬಂದಾಗ ಮ್ಯಾನೇಜರು ಕೈ ಚಾಚಿಕೊಂಡು ನಿಂತಿದ್ದರು, ಇವರು ಆ ಕೈಯನ್ನು ನೋಡದೆ ನೇರವಾಗಿ ನನ್ನ ಬೂದಿ ಗುಡ್ಡೆಯ ಹತ್ತಿರ ಹೋದರು. ಬೂದಿ ಕರ್ರಗಿತ್ತು.

"ಏನಯ್ಯಾ, ಇದರೊಳಗೆ ಇನ್ನೂ ಬೆಂಕಿ ಅದೆ. ಅರ್ಧ ಬೆಂದ ಅನ್ನಾನ ತಿಪ್ಪೆಗೆ ಸುರೀತಾ ಇದ್ದೀಯಲ್ಲ!"

"ಕಲ್ಲಿದ್ದಲೇ ಅಂಗೆ ಬತ್ತದೆ ಸಾ, ನಾನೇನ್ ಮಾಡ್ಲಿ?" ಅಂದೆ. ನನಗೆ ಸಿಟ್ಟು ಬಂದಿತ್ತು.

"ನಿಂದೇನೂ ತಪ್ಪಿಲ್ಲ. ಒಲೇದು ತಪ್ಪು" ಅಂದರು.

ತಿರುಮಕೂಡಲು ನರಸೀಪುರದ ಹೊಳೆ ದಂಡೆಯಲ್ಲಿ ಇಟ್ಟಿಗೆ ಗೂಡು ಸುಡುತ್ತಿದ್ದ ಮನೆತನ ಅವರದು. ಭತ್ತದ ಹೊಟ್ಟಿನಲ್ಲಿ ಇಟ್ಟಿಗೆ ಬೇಯಿಸುವುದನ್ನು ಅಪ್ಪನಿಂದ ಕಲಿತಿದ್ದರು, ಕಲ್ಲಿದ್ದಲಿನ ವಿದ್ಯೆಯನ್ನು ಉತ್ತರದ ಗಣಿಗಳ ಕಡೆ ವರ್ಷಗಟ್ಟಲೆ ಅಲೆದು ಕಲಿತಿದ್ದರು. ಇವೆರಡನ್ನೂ ಸೇರಿಸಿ ಉರಿಸುವ ಹೊಸ ಒಲೆಯೊಂದನ್ನು ಅವರು ರೂಪಿಸಿದ್ದರು. ಕೆಳಗಿನಿಂದ ಜೋರಾಗಿ ಗಾಳಿ ಊದಿದರೆ ಮರಳಿನ ಹಾಸು ಕುದಿಯುವ ಗಂಜಿಯ ಹಾಗೆ ಕೊತಕೊತ ಅನ್ನುತ್ತದೆ. ಅದರೊಳಗೆ ಹೊಟ್ಟೂ ಕಲ್ಲಿದ್ದಲೂ ಕೂಡಿ ಪೂರ್ತಿ ಉರಿಯುತ್ತವೆ. ಅದನ್ನು ನಮ್ಮ ಬಾಯ್ಲರಿನ ಅಡಿಯಲ್ಲಿ ಕೂರಿಸಲು ಕಂಪನಿ ಬಹಳ ಸತಾಯಿಸಿ ಒಪ್ಪಿತು. ಷರತ್ತು ಒಂದೇ: ಏಳು ದಿನ ಒಲೆ ನಿಲ್ಲದೆ ಉರಿಯಬೇಕು. ನಿಂತರೆ ಕಿತ್ತು ಹಾಕುತ್ತೇವೆ, ಮತ್ತೆ ಕೇಳಬೇಡಿ.

ಆ ದಿನಗಳಲ್ಲಿ ಅವರು ಮನೆಗೇ ಹೋಗಲಿಲ್ಲ. ಡಬ್ಬಿಯ ಮುದ್ದೆ ಒಣಗಿ ಕಲ್ಲಾದರೂ ಲಕ್ಷ್ಯವಿಲ್ಲ. ದಿನಕ್ಕೆ ನೂರು ಸಲ ಬಾಯ್ಲರಿನ ಸುತ್ತ ತಿರುಗಿ, ಒಂದೊಂದು ಪೈಪಿಗೂ ಅಂಗೈಯ ಹಿಂಭಾಗ ತಾಗಿಸಿ ನೋಡುವರು. ಮೀಟರ್ ಇದ್ದಾವಲ್ಲ ಸಾ ಅಂದರೆ, "ಮೀಟರ್ ಕೆಟ್ಟೋಗ್ತದೆ, ಕೈ ಕೆಡಕ್ಕಿಲ್ಲ" ಅನ್ನುವರು. ಮೂರನೆಯ ದಿನಕ್ಕೆ ಚಿಮಣಿಯ ಹೊಗೆ ಕಾಣದಷ್ಟು ತೆಳುವಾಯಿತು. ಬೂದಿ ಬೆಳ್ಳಗೆ ಬಂತು. ಅವರು ಅದನ್ನು ಉಜ್ಜಿ ನನ್ನ ಮೂಗಿನ ಹತ್ತಿರ ಹಿಡಿದು, "ಈಗ ಬೆಂತು ನೋಡು" ಎಂದು ಮಗುವಿನ ಹಾಗೆ ನಕ್ಕರು.

ಆರನೆಯ ದಿನ ಆಯುಧಪೂಜೆ. ಕಲ್ಲಿದ್ದಲಿನ ಲಾರಿ ತಡವಾಗಿ ಬಂದು ಒಲೆ ಹೊತ್ತಿಸುವ ದಿನ ಮುಂದಕ್ಕೆ ಹೋಗಿದ್ದರಿಂದ ಹಬ್ಬ ನಡುವೆ ಸಿಕ್ಕಿಕೊಂಡಿತ್ತು. ಬೇರೆ ವರ್ಷಗಳಲ್ಲಿ ನಾವು ಹಿಂದಿನ ದಿನವೇ ಬೆಂಕಿ ಆರಿಸಿ, ಬಾಯ್ಲರ್ ತಣ್ಣಗಾದ ಮೇಲೆ ತೊಳೆದು, ತಲೆಯಿಂದ ಕಾಲಿನವರೆಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರದಲ್ಲಿ ಮುಚ್ಚಿಬಿಡುತ್ತಿದ್ದೆವು. ಈ ಸಲ ಬೆಂಕಿ ಆರಿಸುವಂತಿಲ್ಲ. ಪೂಜೆ ಬಿಡುವುದಕ್ಕೆ ಯಾರೂ ತಯಾರಿಲ್ಲ. ಉರಿಯುವ ಬಾಯ್ಲರಿಗೇ ಪೂಜೆಯಾಗಲಿ ಎಂದು ಮೇಷ್ಟ್ರೇ ಒಪ್ಪಿದರು.

ದೊಡ್ಡವರು ಅಂತ ತಟ್ಟೆಯನ್ನು ಅವರ ಮುಂದೆ ಹಿಡಿದವನು ನಾನು. ಅವರು ಒಲೆಯ ಬಾಗಿಲಿಗೆ ಹಚ್ಚಿದರು, ಫ್ಯಾನಿಗೆ ಹಚ್ಚಿದರು. ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಹತ್ತಿರ ಬಂದು ಕೈ ತಡೆದರು.

"ಅಚ್ಚಿ ಸಾ, ಬಾಯ್ಲರ್ ಕಣ್ಣಲ್ವಾ ಅದು" ಅಂದೆ.

ಹಚ್ಚಿದರು. ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಕೆಳಗಿನ ಅರ್ಧಕ್ಕೆ ನಾನು ಹಾರ ಇಳಿಬಿಟ್ಟೆ.

ಪೂಜೆ ಮುಗಿದು ಕಡಲೆಪುರಿ ಹಂಚುವುದರಲ್ಲಿ ಗಲಾಟೆಯೋ ಗಲಾಟೆ. ನಾನು ನಡುನಡುವೆ ಗಾಜಿನ ಕಡೆ ಕಣ್ಣು ಹಾಯಿಸುತ್ತಿದ್ದೆ. ಬಿಳಿ ಗೆರೆ ಅರ್ಧದಲ್ಲಿ ಕಾಣುತ್ತಿತ್ತು. ನೀರು ಸರಿಯಾಗಿದೆ ಎಂದುಕೊಂಡು ಪಂಪಿನ ಸ್ವಿಚ್ಚು ಹಾಕಲಿಲ್ಲ. ಅದು ನೀರಿನ ಗೆರೆಯಲ್ಲ, ವಿಭೂತಿಯ ಗೆರೆ. ನೀರು ಕಡಿಮೆಯಾದರೆ ಕೂಗಬೇಕಾದ ಸೀಟಿ ಕೆಟ್ಟು ಎಷ್ಟೋ ಕಾಲವಾಗಿತ್ತು.

ಮೇಷ್ಟ್ರು ಪುರಿ ಮೆಲ್ಲುತ್ತಾ ಎಂದಿನಂತೆ ಪೈಪು ಮುಟ್ಟಿಕೊಂಡು ಬಂದವರು ಬಾಯ್ಲರಿಗೆ ನೀರು ತರುವ ಪೈಪಿನ ಹತ್ತಿರ ತಟ್ಟನೆ ನಿಂತರು.

"ತಣ್ಣಗಿರ್ಬೇಕಾದ್ದು ಯಾಕೋ ಇಂಗೆ ಸುಡ್ತಾ ಅದೆ?"

ಒಂದೇ ನೆಗೆತಕ್ಕೆ ಗಾಜಿನ ಮುಂದೆ ಬಂದು ಹಾರ ಕಿತ್ತು, ಅಂಗಿಯ ತೋಳಿನಲ್ಲಿ ಒರೆಸಿದರು. ಗಾಜು ಖಾಲಿ. ಪಂಪಿನ ಕಡೆ ಓಡಿದೆ. ಸ್ವಿಚ್ಚಿನ ಮೇಲೆ ಕೈಯಿಡುವಷ್ಟರಲ್ಲಿ ಹಿಂದಿನಿಂದ ನನ್ನ ರಟ್ಟೆ ಹಿಡಿದು ಎಳೆದರು.

"ನೀರು ಬಿಡಬ್ಯಾಡ ಕಣ್ಲಾ! ಕಾದ ಕಬ್ಬಿಣದ ಮ್ಯಾಲೆ ನೀರು ಬಿದ್ರೆ ಎಲ್ಲಾರೂ ಓಗ್ತೀವಿ!"

ಹೊಟ್ಟು ನಿಲ್ಲಿಸಿದರು. ಫ್ಯಾನು ನಿಲ್ಲಿಸಿದರು. ಕುದಿಯುತ್ತಿದ್ದ ಮರಳು ಬುಸ್ಸೆಂದು ಕೂತಿತು. ಎಲ್ಲರನ್ನೂ ಗೇಟಿನಾಚೆ ಕಳಿಸಿ ತಾವು ಒಳಗೇ ಉಳಿದರು. ನಾನು ಹೋಗಲಿಲ್ಲ; ಧೈರ್ಯದಿಂದಲ್ಲ, ಪಂಪನ್ನು ಹಿಡಿದುಕೊಂಡು ನಿಂತುಬಿಟ್ಟಿದ್ದೆ. ಒಳಗಿನ ಕಬ್ಬಿಣ ಟಣ್ ಟಣ್ ಅನ್ನುತ್ತಿತ್ತು. ಒಂದೊಂದು ಟಣ್ಣಿಗೂ ನನ್ನ ಹೆಂಡತಿ ಮಕ್ಕಳ ಮುಖ ಕಣ್ಣ ಮುಂದೆ ಬರುತ್ತಿತ್ತು. ಮೇಷ್ಟ್ರು ಒತ್ತಡದ ಮೀಟರಿನ ಮುಳ್ಳನ್ನೇ ನೋಡುತ್ತಾ ಪುರಿಯ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಸುಕಿಕೊಂಡು ನಿಂತಿದ್ದರು. ಮುಳ್ಳು ಇಳಿಯಲು ಶುರುವಾದ ಮೇಲೆ ನೆಲದ ಮೇಲೆ ಕೂತುಬಿಟ್ಟರು.

ಸಂಜೆ ಆಫೀಸಿನ ಬಾಗಿಲಾಚೆ ನಿಂತಿದ್ದ ನನಗೆ ಮ್ಯಾನೇಜರ ಮಾತು ಸ್ಪಷ್ಟವಾಗಿ ಕೇಳಿಸಿತು.

"ಅಟೆಂಡೆಂಟ್ ಸಿದ್ದರಾಜು ತಪ್ಪು ಅಂತ ಬರೆದುಕೊಡಿ ಸರ್. ಅವನನ್ನ ತೆಗೆದು ನಿಮಗೆ ಇನ್ನೊಂದು ವಾರ ಕೊಡಿಸ್ತೀನಿ. ಒಲೆ ತಪ್ಪಲ್ವಲ್ಲ!"

ಒಲೆಯ ತಪ್ಪು ಏನೇನೂ ಇರಲಿಲ್ಲ. ಒಂದೇ ಒಂದು ಸಾಲು ಬರೆದರೆ ಅವರ ಇಷ್ಟು ವರ್ಷದ ಕೆಲಸ ಉಳಿಯುತ್ತಿತ್ತು. ಬಾಯ್ಲರ್ ನಡೆಸುವ ನನ್ನ ಸರ್ಟಿಫಿಕೇಟು ರದ್ದಾಗಿ ನಾನು ಬೀದಿಗೆ ಬೀಳುತ್ತಿದ್ದೆ. ಒಳಗೆ ಕಾಗದ ಎಳೆದುಕೊಂಡ ಸದ್ದಾಯಿತು. ಬರೆದುಕೊಟ್ಟು ಹೊರಗೆ ಬಂದ ಮೇಷ್ಟ್ರು ನನ್ನ ಮುಖ ನೋಡಿ, "ಗಾಜಿಗೆ ಹಚ್ಚಿದ್ದು ನನ್ನ ಕೈ. ಉರಿಯೋ ಬಾಯ್ಲರ್‌ಗೆ ಪೂಜೆ ಮಾಡಿ ಅಂದೋನೂ ನಾನೇ. ಅದನ್ನೇ ಬರ್ದಿವ್ನಿ. ಮನೆಗೋಗು" ಅಂದರು.

ಹಚ್ಚಿ ಸಾ ಎಂದವನು ನಾನು ಎಂದು ಆಗಲೇ ಒಳಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ನಾಚಿಕೆಯಾಯಿತು, ಆದರೆ ನಾಚಿಕೆಗಿಂತ ನೆಮ್ಮದಿಯೇ ದೊಡ್ಡದಾಗಿತ್ತು. ಅದಾದ ವಾರದಲ್ಲಿ ಒಲೆ ಕಿತ್ತು ಗುಜರಿಗೆ ಹಾಕಿದರು. ಚಿಮಣಿ ಮತ್ತೆ ಕರ್ರಗೆ ಉಗುಳತೊಡಗಿತು. ಯಾವ ಕಾರ್ಖಾನೆಯೂ ಆಮೇಲೆ ಅವರನ್ನು ಕರೆಯಲಿಲ್ಲ ಎಂದು ಕೇಳಿದೆ. ರಿಟೈರ್ ಆಗುವವರೆಗೂ ಪಾಠ ಮಾಡಿಕೊಂಡಿದ್ದರಂತೆ.

ಆರೇಳು ವರ್ಷದ ಮೇಲೆ ನರಸೀಪುರದ ಅವರ ಮನೆಗೆ ಹೋದೆ. ಉಬ್ಬಸ ಹೆಚ್ಚಾಗಿ ಮಾತು ತುಂಡು ತುಂಡಾಗಿತ್ತು. ನನ್ನನ್ನು ಕಂಡ ಕೂಡಲೇ, "ಬೂದಿ ಹೆಂಗೆ ಬತ್ತಾ ಅದೆ?" ಅಂದರು.

"ಕರ್ರಗೇ ಸಾ."

ಕಾಫಿ ಲೋಟ ಕೆಳಗಿಟ್ಟು, ಅಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ. "ಅವತ್ತು ಗಾಜು ಒರ್ಸಿ ನೋಡವಾ ಅಂತ ನಂಗೆ ಒಂದ್ಸಲ ಅನ್ಸಿತ್ತು ಸಾ. ಅಬ್ಬದ ದಿನ ಇಬೂತಿ ಅಳ್ಸೋದೆಂಗೆ ಅಂತ ಬುಟ್ಬುಟ್ಟೆ. ತಪ್ಪು ನಂದೂ ಅದೆ."

ಅವರು ಕಿಟಕಿಯಾಚೆ ನೋಡುತ್ತಾ ಉಸಿರು ಕೂಡಿಸಿಕೊಂಡರು.

"ನಂಗೂ ಅನ್ಸಿತ್ತು ಕಣಯ್ಯ. ಎರಡು ಸಲ. ಹಚ್ಚಿದ ಕೈಲೇ ಅಳ್ಸೋದೆಂಗೆ ಅಂತ ಸುಮ್ಕಾದೆ."

ಅದೇ ಕೊನೆಯ ಭೇಟಿ. ಆ ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟರು.

ಈಗ ಆಯುಧಪೂಜೆಗೆ ಮೊದಲಿನ ಹಾಗೆ ಬೆಂಕಿಯನ್ನು ಪೂರ್ತಿ ಆರಿಸಿಯೇ ಪೂಜೆ. ಬಾಯ್ಲರ್ ತಣ್ಣಗಿರುತ್ತದೆ, ಭಯವಿಲ್ಲ. ಆದರೂ ವಿಭೂತಿಯ ತಟ್ಟೆ ಆ ಗಾಜಿನ ಹತ್ತಿರ ಬಂದರೆ ನನ್ನ ಕೈ ತಾನಾಗಿ ಅಡ್ಡ ಹೋಗುತ್ತದೆ. ಎಲ್ಲರೂ ಪುರಿ ತಿನ್ನಲು ಹೊರಗೆ ಹೋದ ಮೇಲೆ ಒಬ್ಬನೇ ನಿಂತು ಅಂಗಿಯ ತೋಳಿನಲ್ಲಿ ಗಾಜನ್ನು ಒರೆಸುತ್ತೇನೆ, ಅದರ ಮೇಲೆ ಏನೂ ಇಲ್ಲದಿದ್ದರೂ.