ಅಮಾವಾಸ್ಯೆಗೆ ಮುಂಚೆ ಹೊರಟ ಗಂಟು

ನಮ್ಮ ಮನೆಯಲ್ಲಿ ಅಮಾವಾಸ್ಯೆಯ ದಿನ ಯಾರೂ ಊರು ಬಿಡುತ್ತಿರಲಿಲ್ಲ. ನನಗೆ ಬೇಕಾಗಿದ್ದ ಒಂದೇ ಒಂದು ಕೆಲಸವೋ, ಅಮಾವಾಸ್ಯೆಯ ಆಸುಪಾಸಿನಲ್ಲೇ ನಡೆಯುವಂಥದ್ದು. ಹಣೆಬರಹ ಅಂದರೆ ಇದು.

ಎಂಬತ್ತರ ದಶಕದ ಮೊದಲ ವರ್ಷಗಳವು. ಖಾನಾಪುರದಿಂದ ಬೆಳಗಾವಿಗೆ ದಿನಾ ರೈಲಿನಲ್ಲಿ ಹೋಗಿಬಂದು ಓದಿದವಳು ನಾನು. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ಸರ್ ಒಂದು ದಿನ ಪಾಠ ಬಿಟ್ಟು ಜೋಡಿ ನಕ್ಷತ್ರವೊಂದರ ಸುದ್ದಿ ಹೇಳಿದರು. ರಾಜಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ ಎರಡು ಕಾಯಗಳು ಒಂದನ್ನೊಂದು ಸುತ್ತುತ್ತವಂತೆ. ಒಂದರ ಮೈಯಿಂದ ಇನ್ನೊಂದು ಅನಿಲ ಸೆಳೆದುಕೊಳ್ಳುತ್ತ, ಒಮ್ಮೊಮ್ಮೆ ಭುಗಿಲ್ಲನೆ ಉರಿದೇಳುತ್ತವಂತೆ. ಆಗ ಅಲ್ಲಿಂದ ಭಾರಿ ಶಕ್ತಿಯ ಗಾಮಾ ಕಿರಣಗಳು ಹೊರಡುತ್ತವೋ ಇಲ್ಲವೋ ಎಂದು ವಿಜ್ಞಾನಿಗಳು ಆ ಕಾಲಕ್ಕೆ ಕಚ್ಚಾಡುತ್ತಿದ್ದರು. ಆ ಕಿರಣ ನೆಲ ಮುಟ್ಟುವುದಿಲ್ಲ. ಮೇಲಿನ ಗಾಳಿಗೆ ಬಡಿದು ಚೂರಾಗುತ್ತದೆ. ಆಗ ಹುಟ್ಟುವ ಮಂದ ನೀಲಿ ಬೆಳಕು ರೆಪ್ಪೆ ಮಿಟುಕಿಸುವುದರೊಳಗೆ ಮಾಯ. ಅದನ್ನು ದೊಡ್ಡ ಕನ್ನಡಿಗಳಿಂದ ಹಿಡಿಯಬೇಕು, ಆಕಾಶದಲ್ಲಿ ಚಂದ್ರ ಇರಕೂಡದು. ಅವತ್ತೇ ನನಗೆ ಹುಚ್ಚು ಹಿಡಿಯಿತು.

ಮುಂದೆ ದಕ್ಷಿಣದ ಬೆಟ್ಟವೊಂದರ ಮೇಲೆ ಅಂಥ ಕನ್ನಡಿಗಳ ಕೆಲಸಕ್ಕೆ ಕರೆ ಬಂತು. ಅಮಾವಾಸ್ಯೆಯ ಮರುದಿನ ಹಾಜರಾಗಬೇಕು, ತಪ್ಪಿದರೆ ಜಾಗ ಬೇರೆಯವರಿಗೆ. ಅಂದರೆ ಅಮಾವಾಸ್ಯೆಯ ಮುಂಜಾನೆಯೇ ರೈಲು ಹತ್ತಬೇಕು.

ಬಜಾರದಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ. “ಅಮಾಸಿ ದಿನ ಮನಿ ಮಗಳು ಹೊಸ್ತಿಲಾ ದಾಟೂದಿಲ್ಲ. ಬೇಕಾದ್ರ ಹುಣ್ಣಿಮಿಗೆ ಹೋಗ್ಲಿ.”

“ಹುಣ್ಣಿಮಿಗೆ ಹೋಗಿ ಅಲ್ಲೇನ ಉಂಡಿ ಕಟ್ಲಿ?” ಎಂದೆ. ನನ್ನ ನಾಲಿಗೆ ಮೊದಲಿನಿಂದಲೂ ಉದ್ದ. ಅಪ್ಪ ಉಣ್ಣುವುದನ್ನು ಬಿಟ್ಟು ಎದ್ದ, ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅಪ್ಪನ ತಾಯಿ, ನನ್ನ ಅಜ್ಜಿ, ಬಾಜುಕ್ಕೆ ಬಂದು ಕುಳಿತಳು. “ಆ ಆಕಾಶದಾಗಿನ ಚಿಕ್ಕಿ ಅಂಥಾದ್ದೇನ ಮಾಡ್ತಾವ?”

“ಕೈ ಕೈ ಹಿಡಿದು ಗರಗರ ತಿರುಗಿ ಫುಗಡಿ ಆಡ್ತಾವ ಅಜ್ಜಿ. ಆಡ್ತಾ ಆಡ್ತಾ ಒಂದು ಇನ್ನೊಂದರ ಸೆರಗ ಜಗ್ಗತೈತಿ. ಬೆಂಕಿ ಏಳತೈತಿ.”

“ಅಷ್ಟ ದೂರದ ಜಗಳಾ ನೋಡಾಕ ಇಷ್ಟ ಅಳೂದೇನ?” ಎಂದು ನಕ್ಕಳು.

ಮಾರನೆಯ ದಿನ ನಾನು ಏಳುವಷ್ಟರಲ್ಲಿ ಅಜ್ಜಿ ಪಂಚಾಂಗ ನೋಡಿಸಿಕೊಂಡು ಬಂದು ಒಂದು ಗಂಟು ಕಟ್ಟಿಟ್ಟಿದ್ದಳು. ನಮ್ಮ ಕಡೆ ಇದಕ್ಕೆ ಪ್ರಸ್ಥಾನ ಅನ್ನುತ್ತಾರೆ. ಹೊರಡುವ ದಿನ ಚಲೋ ಇಲ್ಲದಿದ್ದರೆ, ಅದಕ್ಕೂ ಮುಂಚಿನ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ ಲೆಕ್ಕ. ಗಂಟು ಮಾತ್ರ ತಿರುಗಿ ಮನೆಗೆ ಬರಬಾರದು. ಬಂದರೆ ಎಲ್ಲ ಮುರಿಯಿತು.

ಅಜ್ಜಿ ನನ್ನನ್ನು ಎಳೆದುಕೊಂಡು ಮಗ್ಗುಲ ಮನೆಯ ಚಾಚಿಯ ಬಾಗಿಲಿಗೆ ಹೋದಳು. “ಇಡ್ರಿ ಅಜ್ಜಿ, ನಮ್ಮನಿ ಅಂದ್ರ ನಿಮ್ಮನಿ ಇದ್ದಂಗ,” ಎಂದಳು ಚಾಚಿ.

“ಹಂಗನಬ್ಯಾಡ ಮಾರಾಯ್ತಿ! ನಮ್ಮನಿ ಆದ್ರ ಇಕಿ ಹೊರಟಂಗ ಆಗೂದಿಲ್ಲ!”

ಮಧ್ಯಾಹ್ನ ಅಜ್ಜಿ ಮಗನಿಗೆ ರೊಟ್ಟಿ ಬಡಿಸುತ್ತ, “ಹುಡುಗಿ ಇವತ್ತ ಮುಂಜಾನೆನ ಹೊರಟಾಳ, ಗಂಟ ಚಾಚಿ ಮನ್ಯಾಗೈತಿ,” ಎಂದಳು. ಅಪ್ಪನಿಗೆ ಹೇಳಲು ನೆಪ ಉಳಿಯಲಿಲ್ಲ. ರೊಟ್ಟಿ ಮುರಿಯುತ್ತ ನನ್ನತ್ತ ನೋಡದೆ ಕೇಳಿದ. “ರಾತ್ರಿಯೆಲ್ಲಾ ಎಚ್ಚರ ಇರೂದು ಅಂದಿ. ಆ ಕತ್ತಲದಾಗ ನಿನ್ನ ಜೋಡಿ ಯಾರಿರ್ತಾರ?”

ಅವನು ಇಷ್ಟು ದಿನ ಹೆದರಿದ್ದು ಅಮಾವಾಸ್ಯೆಗಲ್ಲ. ನನಗೆ ನಾಚಿಕೆಯೂ ಆಯಿತು, ಅವನ ಮೇಲೆ ಮಮತೆಯೂ ಉಕ್ಕಿತು. “ನನ್ನಂಥಾ ಹುಡುಗ್ಯಾರು ಇನ್ನೂ ಅದಾರ ಅಪ್ಪಾ,” ಎಂದೆ. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಅಮಾವಾಸ್ಯೆಯ ಮುಂಜಾನೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಅಜ್ಜಿಯ ಕಾಲಿಗೆ ಬಿದ್ದು ಚಾಚಿಯ ಮನೆಗೆ ಹೋದರೆ ಗಂಟೂ ಇಲ್ಲ. “ನಿಮ್ಮ ಅಪ್ಪಾರು ನಸುಕಿನ್ಯಾಗ ಬಂದು ಒಯ್ದ್ರಲ್ಲ ಬೇಟಿ,” ಎಂದಳು ಚಾಚಿ.

ಪ್ರಸ್ಥಾನ ಮುರಿಯಲೆಂದೇ ಒಯ್ದಿದ್ದಾನೆ ಅಂದುಕೊಂಡೆ. ಸಿಟ್ಟು ನೆತ್ತಿಗೇರಿತು. ಗಂಟು ಹೋದರೆ ಹೋಗಲಿ, ಉಟ್ಟ ಸೀರೆಯಲ್ಲೇ ಹೋಗುತ್ತೇನೆ ಎಂದು ದುಡುದುಡು ಸ್ಟೇಶನ್ನಿಗೆ ನಡೆದೆ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಪ್ಪ ಕುಳಿತಿದ್ದ. ಕೋಟು, ಟೋಪಿ. ತೊಡೆಯ ಮೇಲೆ ನನ್ನ ಗಂಟು, ಕೈಯಲ್ಲಿ ಎರಡು ಟಿಕೀಟು.

“ನೀನೂ? ಅಮಾಸಿ ದಿನ?”

ಅಪ್ಪ ಗಂಟು ಬಿಚ್ಚಿ ತೋರಿಸಿದ. ಅಕ್ಕಿ, ಅಡಿಕೆ, ಅರಿಸಿನಕೊಂಬು, ನನ್ನ ಸ್ವೆಟರು. ಅದರ ಕೆಳಗೆ ಮಡಚಿಟ್ಟ ಅವನದೇ ಧೋತರ. “ನಿನ್ನೆ ರಾತ್ರಿ ಹೇಳಿದ್ಲು ನಮ್ಮವ್ವ. ಈ ಧೋತರದ ಜೋಡಿ ನಾನೂ ಆವತ್ತ ಹೊರಟೇನಂತ,” ಎಂದ.

ರೈಲು ಊರು ದಾಟಿದ ಮೇಲೆ ಅಪ್ಪ ಕಿಟಕಿಯಿಂದ ಆಕಾಶ ನೋಡಿದ. “ಆ ನಿನ್ನ ಕಿರಣ ಅಲ್ಲಿಂದ ಯಾವಾಗ ಹೊರಟಾವು?”

“ಸಾವಿರಾರು ವರ್ಷ ಆತು ಅಪ್ಪಾ.”

“ಹಂಗಾರ ಅವಕ್ಕೂ ಇವತ್ತಿನ ಅಮಾಸಿ ತಟ್ಟೂದಿಲ್ಲ ಬಿಡು,” ಎಂದು ಅಪ್ಪ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗಿದ.