ನಲವತ್ತೆಂಟು ನಳಿಕೆಗಳ ನಿಂಗವ್ವ

ಪಾರಿಶ್ವಾಡದ ಕುರಿದೊಡ್ಡಿಯಲ್ಲಿ ಇನ್ನೂ ಮಬ್ಬು. ನಿಂಗವ್ವ ಒಂದು ಕುರಿಯ ಗದ್ದ ಮೇಲೆತ್ತಿ, ಅದರ ಮೈಯನ್ನು ಮೊಣಕಾಲಿಗೆ ಒತ್ತಿ ಹಿಡಿಯುತ್ತಾರೆ. ಪಶುವೈದ್ಯೆ ಪ್ರಮಿಳಾ ಕುತ್ತಿಗೆಯಿಂದ ರಕ್ತ ತೆಗೆಯುತ್ತಾರೆ. ಕುರಿಗಳ ಮಾಲೀಕ ಲಕ್ಷ್ಮಣ ಬೇಲಿಯ ಬಳಿ ನಿಂತು ನಗುತ್ತಾರೆ.

“ಹೋದ ವಾರನ ಒಯ್ದಿದ್ರಲ್ಲ ಅಕ್ಕಾರ, ನಮ್ಮ ಕುರಿ ರಕ್ತದ ರುಚಿ ಹತ್ತೇತೇನು?”

“ತಪ್ಪು ನಂದ ಐತಿ ತಮ್ಮಾ. ಬೈಕೋಂತನರ ಹಿಡಕೊಡು.”

ನಲವತ್ತೊಂಬತ್ತರ ನಿಂಗವ್ವ ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ಎಂಟು ವರ್ಷದಿಂದ ಗುತ್ತಿಗೆಯ ಸಹಾಯಕಿ. ಹುಟ್ಟಿದ್ದು ಖಾನಾಪುರ ಕಡೆಯ ಕುರಿಗಾರರ ಮನೆಯಲ್ಲಿ. ಈಗ ಅನಗೋಳದ ಒಂದು ಕೋಣೆಯಲ್ಲಿ ಒಬ್ಬರೇ. ಗಂಡ ತೀರಿ ಹನ್ನೊಂದು ವರ್ಷ.

ಕುರಿಯ ಮಿದುಳಿನಲ್ಲಿ ಪ್ರಿಯಾನ್ ಎಂಬ ಪ್ರೋಟೀನು ಇದೆ. ಅದು ತಪ್ಪಾಗಿ ಮಡಚಿಕೊಂಡರೆ ಕುರಿ ನಡುಗುತ್ತ, ಮೈ ತಿಕ್ಕಿಕೊಳ್ಳುತ್ತ ಸಾಯುತ್ತದೆ. ಕೋಳಿಗೂ ಅಂಥದೇ ಪ್ರೋಟೀನು ಇದೆ, ಆದರೆ ಆ ರೋಗ ಕಂಡಿಲ್ಲ. ಯಾಕೆಂದು ತಿಳಿಯಲು ಪ್ರಯೋಗಾಲಯ ಎರಡರ ಜೀನುಗಳನ್ನೂ ಹೋಲಿಸುತ್ತಿದೆ. ಇಪ್ಪತ್ನಾಲ್ಕು ಕೋಳಿ, ಇಪ್ಪತ್ನಾಲ್ಕು ಕುರಿ. ಪಟ್ಟಿಯಲ್ಲಿ ಮೊದಲ ಇಪ್ಪತ್ನಾಲ್ಕು ನಂಬರು ಕೋಳಿಗಳದು, ಉಳಿದವು ಕುರಿಗಳದು.

“ನಮ್ಮ ಮನ್ಯಾಗ ಮುಂಜಾನೆದ್ದು ಮೊದಲ ಕುರಿ ಮುಟ್ಟಬೇಕ್ರಿ, ಆಮ್ಯಾಲ ಉಳಿದದ್ದು. ಕೈ ಅದನ್ನ ಮರ್ತಿಲ್ಲ,” ಎನ್ನುತ್ತಾರೆ ನಿಂಗವ್ವ. ಹೋದ ವಾರ ಅವರು ಕುರಿಯಿಂದ ಶುರು ಮಾಡಿ, ರಕ್ತದ ನಳಿಕೆಗಳಿಗೆ ಒಂದನೇ ನಂಬರಿನ ಚೀಟಿಯಿಂದಲೇ ಅಂಟಿಸುತ್ತ ಹೋದರು.

ತಪ್ಪು ತಿಳಿದದ್ದು ಮರುದಿನ. ರಕ್ತವನ್ನು ಹದಮಾಡಿ ಆಲ್ಕೋಹಾಲ್ ಸುರಿದರೆ ಡಿಎನ್‌ಎ ಬಿಳಿ ಎಳೆಯಾಗಿ ಕಾಣುತ್ತದೆ. ಹಕ್ಕಿಯ ಕೆಂಪು ರಕ್ತಕಣದಲ್ಲೂ ಡಿಎನ್‌ಎ ಇರುವುದರಿಂದ ಕೋಳಿಯದು ಹಿಂಜಿದ ಹತ್ತಿಯಷ್ಟು ದಪ್ಪ, ಕುರಿಯದು ಕೂದಲೆಳೆ. ಅಂದು ಕುರಿಯ ನಂಬರಿನ ನಳಿಕೆಯಲ್ಲಿ ಹತ್ತಿ ಎದ್ದಿತು.

“ಏನ್ರಿ ಅಕ್ಕಾ, ಕುರಿಗೆ ರೆಕ್ಕಿ ಬಂದಾವೇನು?” ಎಂದು ಸಂಶೋಧನಾ ವಿದ್ಯಾರ್ಥಿ ಅನಿಕೇತ ನಕ್ಕ. ಮರುಗಳಿಗೆ ಅವನ ಮುಖ ಇಳಿಯಿತು. ನಳಿಕೆಗಳನ್ನು ತಾನೇ ಅದಲುಬದಲು ಮಾಡಿದೆನೆಂದುಕೊಂಡ.

ನಿಂಗವ್ವನ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಸುವ ಕಾಗದಕ್ಕೆ ಸಹಿ ಬಿದ್ದಿಲ್ಲ. ಸುಮ್ಮನಿದ್ದಿದ್ದರೆ ತಪ್ಪು ಅನಿಕೇತನ ತಲೆಗೆ ಬರುತ್ತಿತ್ತು.

“ನಿಂದಲ್ಲಪಾ, ನಂದು ಅಂದೆ. ಲ್ಯಾಬಿನ ದೊಡ್ಡ ಮ್ಯಾಡಮ್ಮಾರ ಪಟ್ಟಿ ಮಡಚಿಕೊಂಡು ಒಳಗ ಹೋದ್ರು. ಬೈದಿದ್ರ ಚಲೋ ಇತ್ತು. ಸಂಜೀಕ ಮನಿಗೆ ಹೋಗಿ ಯಾರ ಮುಂದ ಹೇಳ್ಲಿ? ರೊಟ್ಟಿ ಬಡಿಲೇ ಇಲ್ಲ, ಹಂಗ ಮಲಗಿದೆ.”

ಅಂದಾಜಿನ ಮೇಲೆ ನಂಬರು ತಿದ್ದುವಂತಿಲ್ಲ. ನಲವತ್ತೆಂಟನ್ನೂ ಚೆಲ್ಲಿದರು. ಆದ್ದರಿಂದಲೇ ಈ ಎರಡನೇ ಸುತ್ತು. ಈ ಸಲ ಕೋಳಿಗಳ ಕೆಲಸ ನಿನ್ನೆಯೇ ಮುಗಿದಿದೆ. ಪ್ರತಿ ಚೀಟಿಯನ್ನೂ ನಿಂಗವ್ವ ಗಟ್ಟಿಯಾಗಿ ಓದಿ, ಪ್ರಮಿಳಾ ಹೂಂ ಎಂದ ಮೇಲೆಯೇ ಅಂಟಿಸುತ್ತಾರೆ.

ಕೊನೆಯ ಕುರಿಯನ್ನು ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಾಗ, ಗುತ್ತಿಗೆಯ ಕಾಗದದ ವಿಷಯ ನಾನು ಕೇಳಿದೆ.

“ಸಹಿ ಹಾಕಿದ್ರ ಹಾಕ್ಲಿ, ಬಿಟ್ರ ಬಿಡ್ಲಿ. ನಾ ಇರಲಿ, ಇಲ್ಲದಿರಲಿ, ಈ ಸಲ ಕೋಳೀದು ಕೋಳೀದಂತ ಬರಲಿ, ಕುರೀದು ಕುರೀದಂತ ಬರಲಿ. ಅಷ್ಟಾದ್ರ ಸಾಕ್ರಿ.”